ಚಳಿಜ್ವರದ ಗುಳಿಗೆಯಿಂದ ಗಂಟಿನ ಕ್ಯಾನ್ಸರಿನವರೆಗೆ: ಕೋಶಗಳ ಸ್ವಭಕ್ಷಣೆ ಮತ್ತು ಲಿಂಫೋಮಾ, ಧಾರವಾಡ ಸೀಮೆಯಿಂದ ಒಂದು ನೋಟ

1947ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮಲೇರಿಯಾಲಜಿ’ಯ ಮೊದಲ ಸಂಪುಟದಲ್ಲಿ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರ ದೀರ್ಘ ಲೇಖನವೊಂದು ಪ್ರಕಟವಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಡಿಡಿಟಿ ಹೊಡೆಸಿ ಮಲೇರಿಯಾವನ್ನು ಹತೋಟಿಗೆ ತಂದ ಮೊದಲ ವರ್ಷದ ವರದಿ ಅದು. ಭಾರತದ ಮಲೇರಿಯಾ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಕ್ಯಾನ್ಸರ್ ಚರಿತ್ರೆ ಬರೆಯುವವರು ಇದರತ್ತ ತಿರುಗಿಯೂ ನೋಡುವುದಿಲ್ಲ. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೂ ಜೀವಕೋಶವು ತನ್ನನ್ನೇ ತಾನು ಜೀರ್ಣಿಸಿಕೊಳ್ಳುವ ಕ್ರಿಯೆಗೂ ಇರುವ ನಂಟಿನ ಕಥೆ ಹೇಳಬೇಕಾದರೆ ಮಲೇರಿಯಾದ ದಾರಿಯಲ್ಲೇ ಹೋಗಬೇಕು ಎಂಬುದು ನನ್ನ ವಾದ.

ಒಂದು ಊರಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಆಗಿನವರ ಬಳಿ ಇದ್ದ ಸುಲಭದ ಅಳತೆಗೋಲು ಮಕ್ಕಳ ಗುಲ್ಮ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಗಡೆಯ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ, ನೂರಕ್ಕೆ ಎಷ್ಟು ಜನರಲ್ಲಿ ಜ್ವರಗಡ್ಡೆ ಕೈಗೆ ಸಿಗುತ್ತದೆ ಎಂದು ಬರೆದುಕೊಳ್ಳುತ್ತಿದ್ದರು. ಗುಲ್ಮವೆಂಬುದು ದೇಹದ ಅತಿ ದೊಡ್ಡ ದುಗ್ಧಾಂಗ. ಲಿಂಫೋಮಾ ಶಂಕೆಯಿರುವ ರೋಗಿಯನ್ನು ಇಂದಿನ ವೈದ್ಯರು ಪರೀಕ್ಷಿಸುವಾಗಲೂ ಬೆರಳು ಹೋಗುವುದು ಅಲ್ಲಿಗೇ. ಮಲೇರಿಯಾದಿಂದ ವರ್ಷಗಟ್ಟಲೆ ಊದಿಕೊಂಡ ಗುಲ್ಮ ಯಾವುದು, ನಿಧಾನವಾಗಿ ಬೆಳೆಯುವ ಲಿಂಫೋಮಾದಿಂದ ಊದಿದ್ದು ಯಾವುದು ಎಂದು ಬೇರ್ಪಡಿಸುವುದು ಕೆಲವೊಮ್ಮೆ ಎಷ್ಟು ಕಷ್ಟ ಎಂಬುದನ್ನು 1991ರಲ್ಲಿ ಘಾನಾದಿಂದ ಬಂದ ಅಧ್ಯಯನ ತೋರಿಸಿತು. ಎರಡೂ ಕಡೆ ಬಿ-ಕೋಶಗಳೆಂಬ ದುಗ್ಧಕೋಶಗಳು ಮಿತಿಮೀರಿ ಹೆಚ್ಚಿರುತ್ತವೆ.

ವಿಶ್ವನಾಥನ್ ತಂಡದ ಆಯುಧ ಡಿಡಿಟಿ. ಗುಳಿಗೆಯ ಸರದಿ ಬಂದದ್ದು ಆಮೇಲೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾ ಪೀಡಿತರು, 8 ಲಕ್ಷ ಸಾವು ಎಂಬ ಅಂದಾಜಿತ್ತು. 1958ರಲ್ಲಿ ‘ನಿಯಂತ್ರಣ’ ಹೋಗಿ ‘ನಿರ್ಮೂಲನ’ ಬಂತು. ಮನೆಯ ಗೋಡೆಗೆ ಎನ್‌ಎಂಇಪಿ ಎಂಬ ಅಚ್ಚು ಬಿತ್ತು. ಹದಿನೈದು ದಿನಕ್ಕೊಮ್ಮೆ ಬರುವ ಕಾರ್ಯಕರ್ತ ಅದರ ಕೆಳಗೆ ತಾರೀಖು ಬರೆದು ಹೋಗುತ್ತಿದ್ದ. ಮನೆಯಲ್ಲಿ ಯಾರಿಗೆ ಜ್ವರ ಬಂದಿತ್ತು ಎಂದು ಕೇಳುವುದು, ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತದ ಲೇಪ ತೆಗೆಯುವುದು, ಫಲಿತಾಂಶಕ್ಕೆ ಕಾಯದೆ ಅಲ್ಲೇ ನಾಲ್ಕು ಗುಳಿಗೆ ನುಂಗಿಸುವುದು, ಇದು ಕ್ರಮ. ಒಂದರಲ್ಲಿ 150 ಮಿಲಿಗ್ರಾಂ, ಒಟ್ಟು 600. ಕಹಿಯೆಂದರೆ ಕಹಿ. ಮುಖ ಕಿವುಚಿಕೊಂಡು ಅದನ್ನು ನುಂಗಿದ ತಲೆಮಾರು ಈ ಸೀಮೆಯಲ್ಲಿ ಇನ್ನೂ ಇದೆ. ಆ ಗುಳಿಗೆಯೇ ಕ್ಲೋರೋಕ್ವಿನ್.

ಅದರ ಹುಟ್ಟು 1934ರಲ್ಲಿ, ಜರ್ಮನಿಯ ಬೇಯರ್ ಕಂಪನಿಯ ಹ್ಯಾನ್ಸ್ ಆಂಡರ್‌ಸಾಗ್ ಅವರ ಕೈಯಲ್ಲಿ. ವಿಷ ಜಾಸ್ತಿ ಎಂದು ಮೂಲೆಗೆ ಸರಿಸಿದ್ದ ಈ ವಸ್ತು ಎರಡನೇ ಮಹಾಯುದ್ಧದ ಒತ್ತಡದಲ್ಲಿ ಅಮೆರಿಕನ್ನರ ಪರೀಕ್ಷೆಗೆ ಒಳಗಾಗಿ ಮತ್ತೆ ಮೇಲೆದ್ದಿತು. ಅದು ಕೆಲಸ ಮಾಡುವ ಬಗೆಯನ್ನು ತುಸು ನಿಧಾನವಾಗಿ ನೋಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮಲೇರಿಯಾ ಪರೋಪಜೀವಿ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದದ್ದನ್ನು ಜೀರ್ಣಿಸಲು ಅದರೊಳಗೆ ಆಮ್ಲ ತುಂಬಿದ ಒಂದು ಚೀಲವಿದೆ. ಕ್ಲೋರೋಕ್ವಿನ್ ದುರ್ಬಲ ಪ್ರತ್ಯಾಮ್ಲ. ಪೊರೆಗಳನ್ನು ಸಲೀಸಾಗಿ ದಾಟುತ್ತದೆ, ಆಮ್ಲ ಇರುವಲ್ಲಿಗೆ ಹೋದಾಗ ವಿದ್ಯುದಂಶ ಪಡೆದು ವಾಪಸು ಬರಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ. ಹೀಗೆ ಚೀಲದಲ್ಲಿ ಜಮೆಯಾದ ಔಷಧ ಹೀಮ್ ಎಂಬ ವಿಷಕಾರಿ ಶೇಷವನ್ನು ನಿರುಪದ್ರವಿ ಹರಳಾಗಲು ಬಿಡುವುದಿಲ್ಲ. ಪರೋಪಜೀವಿ ತಾನು ಉಂಡ ಊಟದಿಂದಲೇ ಸಾಯುತ್ತದೆ.

ಆಮ್ಲದ ಚೀಲ ಮನುಷ್ಯನ ಕೋಶದಲ್ಲೂ ಇದೆ. ಅದನ್ನು 1955ರಲ್ಲಿ ಗುರುತಿಸಿ ಲೈಸೋಸೋಮ್ ಎಂದು ಹೆಸರಿಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್. ಕೋಶ ತನ್ನದೇ ಹಳೆಯ, ಹಾಳಾದ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಈ ಚೀಲಕ್ಕೆ ಸಾಗಿಸಿ ಕರಗಿಸಿಕೊಳ್ಳುವ ಕ್ರಿಯೆಗೆ 1963ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಆಟೊಫೇಜಿ ಎಂದು ನಾಮಕರಣ ಮಾಡಿದವರೂ ಅವರೇ. ಕನ್ನಡದಲ್ಲಿ ಸ್ವಭಕ್ಷಣೆ ಎನ್ನೋಣ. ಬರ ಬಿದ್ದ ವರ್ಷ ರೈತನ ಮನೆಯಲ್ಲಿ ಮುರಿದ ಚಕ್ಕಡಿಯ ಗಾಲಿ, ಅಡ್ಡೆಗಳು ಒಲೆಗೆ ಹೋಗುತ್ತವಲ್ಲ, ಆ ಬಗೆಯದು ಇದು: ಹಾಳಾದದ್ದು ಮೊದಲು, ಬರ ಮುಂದುವರಿದರೆ ಒಳ್ಳೆಯದೂ.

ಧಾರವಾಡದವರಿಗೆ ಈ ಬಗೆಯ ಸಂಶೋಧನೆ ಅಪರಿಚಿತವೇನಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಪ್ಪೆಗಳ ಮೇಲೆ ದಶಕಗಳ ಕಾಲ ಕೆಲಸ ನಡೆದಿದೆ. ಮುಂದೆ ಅಲ್ಲಿಯೇ ಕುಲಪತಿಯಾದ ಎಸ್. ಕೆ. ಸೈದಾಪುರ ಅವರು ಸಸ್ತನಿಗಳಲ್ಲದ ಕಶೇರುಕಗಳ ಅಂಡಾಶಯದಲ್ಲಿ ಬೆಳೆಯುತ್ತಿರುವ ಅಂಡಕೋಶಗಳು ಹೇಗೆ ಒಳಗೊಳಗೇ ಕರಗಿ ಮಾಯವಾಗುತ್ತವೆ ಎಂಬುದರ ಬಗ್ಗೆ 1978ರಲ್ಲಿ ‘ಇಂಟರ್‌ನ್ಯಾಷನಲ್ ರಿವ್ಯೂ ಆಫ್ ಸೈಟಾಲಜಿ’ಗೆ ಬರೆದ ಸಮೀಕ್ಷೆ ಆ ಕ್ಷೇತ್ರದಲ್ಲಿ ಹೆಸರಾದದ್ದು. ಅದು ಆಟೊಫೇಜಿಯ ಅಧ್ಯಯನವಲ್ಲ. ಆದರೆ ದೇಹ ತನಗೆ ಬೇಡವಾದದ್ದನ್ನು ತಾನೇ ಹೇಗೆ ತೆಗೆದುಹಾಕುತ್ತದೆ ಎಂಬ ಪ್ರಶ್ನೆ ಎರಡಕ್ಕೂ ಸಮಾನ. ಗೊದಮೊಟ್ಟೆಯ ಬಾಲ ಕರಗಿಹೋಗುವುದರಲ್ಲಿ ಲೈಸೋಸೋಮಿನ ಕಿಣ್ವಗಳ ಪಾಲೇನು ಎಂಬುದು ಡಿ ಡೂವ್ ಕಾಲದ ದೊಡ್ಡ ಕುತೂಹಲಗಳಲ್ಲೊಂದು. ಎಪ್ಪತ್ತರ ದಶಕದ ಜೀವಶಾಸ್ತ್ರ ಈ ವಿದ್ಯಮಾನಗಳನ್ನು ನೋಡುತ್ತಿತ್ತು, ಚಿತ್ರ ತೆಗೆಯುತ್ತಿತ್ತು. ಯಾವ ಜೀನ್ ಇದನ್ನು ನಡೆಸುತ್ತದೆ ಎಂದು ಹೇಳುವ ಸಾಧನ ಅದರ ಕೈಯಲ್ಲಿರಲಿಲ್ಲ. ಆ ಸಾಧನ ದೊರೆತದ್ದು ಯೀಸ್ಟ್‌ನಿಂದ. ಜಪಾನಿನ ಯೊಶಿನೊರಿ ಓಸುಮಿ 1992ರಲ್ಲಿ ಉಪವಾಸ ಕೆಡವಿದ ಯೀಸ್ಟ್ ಕೋಶದ ಚೀಲದಲ್ಲಿ ಗುಂಡುಗುಂಡಾದ ಸರಕು ಬಂದು ಬೀಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಮರುವರ್ಷ ಈ ಕ್ರಿಯೆಗೆ ಬೇಕಾದ 15 ಜೀನುಗಳ ಸುಳಿವು ಕೊಟ್ಟರು. 2016ರ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಲಿಂಫೋಮಾದ ದಾರಿ ಬೇರೆ ಕಡೆಯಿಂದ ಬಂದು ಇಲ್ಲಿ ಕೂಡಿತು. ಫಾಲಿಕ್ಯುಲರ್ ಲಿಂಫೋಮಾ ಎಂಬ ನಿಧಾನಗತಿಯ ರೋಗದಲ್ಲಿ 14 ಮತ್ತು 18ನೇ ವರ್ಣತಂತುಗಳು ತುಂಡಾಗಿ ಅದಲುಬದಲಾಗಿರುತ್ತವೆ. ಆ ಸಂದಿಯನ್ನು ಬಗೆದು ನೋಡಿದ ಫಿಲಡೆಲ್ಫಿಯಾದ ತ್ಸುಜಿಮೊಟೊ ಮತ್ತು ಕ್ರೋಚೆ ಅವರಿಗೆ 1984ರ ಹೊತ್ತಿಗೆ ಬಿಸಿಎಲ್-2 ಎಂಬ ಜೀನ್ ಸಿಕ್ಕಿತು. ಕ್ಯಾನ್ಸರ್ ಜೀನ್ ಎಂದರೆ ಕೋಶವನ್ನು ಬೇಗಬೇಗ ವಿಭಜಿಸುವಂಥದ್ದು ಎಂದು ಎಲ್ಲರೂ ತಿಳಿದಿದ್ದರು. 1988ರಲ್ಲಿ ಆಸ್ಟ್ರೇಲಿಯಾದ ವಾಕ್ಸ್, ಕೋರಿ, ಆಡಮ್ಸ್ ತೋರಿಸಿಕೊಟ್ಟದ್ದು ಬೇರೆಯೇ: ಇದು ಕೋಶವನ್ನು ಹೆಚ್ಚಿಸುವುದಿಲ್ಲ, ಸಾಯಲು ಬಿಡುವುದಿಲ್ಲ. ಹತ್ತು ವರ್ಷದ ನಂತರ ಅಮೆರಿಕದ ಬೆತ್ ಲೆವಿನ್, ವೈರಸ್ಸಿನಿಂದ ಬರುವ ಮಿದುಳಿನ ಉರಿಯೂತವನ್ನು ಅಧ್ಯಯನ ಮಾಡುತ್ತ, ಬಿಸಿಎಲ್-2ಕ್ಕೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ಹುಡುಕುತ್ತಿದ್ದರು. ಬೆಕ್ಲಿನ್-1 ಎಂಬುದು ಸಿಕ್ಕಿತು. ಹೋಲಿಸಿ ನೋಡಿದರೆ ಅದು ಯೀಸ್ಟಿನ ಒಂದು ಆಟೊಫೇಜಿ ಜೀನಿನ ಬಂಧು! ಕ್ಯಾನ್ಸರಿಗೂ ಸ್ವಭಕ್ಷಣೆಗೂ ನಡುವಿನ ಮೊದಲ ಜೀನ್ ಮಟ್ಟದ ಕೊಂಡಿ ಹೀಗೆ ಲಿಂಫೋಮಾದ ಜೀನೊಂದರ ಬೆನ್ನು ಹತ್ತಿದ್ದರಿಂದ ಕೈಗೆ ಬಂತು. ಬಿಸಿಎಲ್-2 ಬೆಕ್ಲಿನ್ ಅನ್ನು ಹಿಡಿದಿಟ್ಟು ಸ್ವಭಕ್ಷಣೆಯನ್ನು ತಡೆಯುತ್ತದೆ ಎಂದು 2005ರಲ್ಲಿ ಅದೇ ಗುಂಪು ತೋರಿಸಿತು.

2003ರಲ್ಲಿ ಎರಡು ಪ್ರಯೋಗಾಲಯಗಳು ಬೆಕ್ಲಿನ್ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ತೆಗೆದ ಇಲಿಗಳನ್ನು ಸಾಕಿ ನೋಡಿದವು. ವಯಸ್ಸಾದಂತೆ ಅವುಗಳಲ್ಲಿ ಕ್ಯಾನ್ಸರ್ ಹೆಚ್ಚಾಯಿತು, ಆ ಕ್ಯಾನ್ಸರುಗಳಲ್ಲಿ ಬಿ-ಕೋಶದ ಲಿಂಫೋಮಾ ಕೂಡ ಒಂದು. ತೀರ್ಮಾನ ಸ್ಪಷ್ಟವಾಗಿ ಕಂಡಿತು: ಸ್ವಭಕ್ಷಣೆ ಕ್ಯಾನ್ಸರನ್ನು ತಡೆಯುತ್ತದೆ, ಅದು ಕುಂದಿದರೆ ಗೆಡ್ಡೆ ಹುಟ್ಟುತ್ತದೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮನುಷ್ಯರ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನಲ್ಲಿ ಬೆಕ್ಲಿನ್ ಕಳೆದುಹೋಗುತ್ತದೆ ಎಂಬ ಸಾಕ್ಷ್ಯವನ್ನು 2014ರಲ್ಲಿ ಮರುಪರಿಶೀಲಿಸಿದವರು, ಕಳೆದುಹೋಗುತ್ತಿರುವುದು ನಿಜಕ್ಕೂ ಪಕ್ಕದಲ್ಲೇ ಇರುವ ಬಿಆರ್‌ಸಿಎ-1 ಎಂಬ ಜೀನ್, ಬೆಕ್ಲಿನ್ ಅದರ ಜೊತೆ ಸುಮ್ಮನೆ ಹೋಗುತ್ತಿದೆ ಎಂದರು. ಇಲಿಗಳ ಫಲಿತಾಂಶ ಹಾಗೇ ಉಳಿದಿದೆ, ಮನುಷ್ಯರ ಕಥೆ ಮಸುಕಾಯಿತು.

ಇದಕ್ಕೆ ತೀರಾ ಉಲ್ಟಾ ಎನಿಸುವ ಫಲಿತಾಂಶ ಬಂದದ್ದು 2007ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ. ರವಿ ಅಮರಾವದಿ, ಕ್ರೇಗ್ ಥಾಂಪ್ಸನ್ ಮತ್ತು ಸಂಗಡಿಗರು ಮಿಕ್ ಎಂಬ ಕ್ಯಾನ್ಸರ್ ಜೀನಿನಿಂದ ಲಿಂಫೋಮಾ ಬಂದ ಇಲಿಗಳಿಗೆ ಚಿಕಿತ್ಸೆ ಕೊಟ್ಟಾಗ, ಸಾಯದೆ ಉಳಿದ ಕ್ಯಾನ್ಸರ್ ಕೋಶಗಳಲ್ಲಿ ಸ್ವಭಕ್ಷಣೆ ಜೋರಾಗಿ ನಡೆಯುತ್ತಿರುವುದನ್ನು ಕಂಡರು. ಔಷಧದ ಹೊಡೆತ ತಿಂದ ಕೋಶ ತನ್ನನ್ನೇ ತಿಂದು ಬದುಕಿಕೊಳ್ಳುತ್ತಿತ್ತು. ಅದನ್ನು ತಡೆಯಲು ಅವರು ಆರಿಸಿಕೊಂಡದ್ದು ಹೊಸ ವಸ್ತುವನ್ನೇನಲ್ಲ, ಅದೇ ಚಳಿಜ್ವರದ ಕ್ಲೋರೋಕ್ವಿನ್. ಲೈಸೋಸೋಮಿನ ಆಮ್ಲಕ್ಕೆ ಸಿಕ್ಕಿಬಿದ್ದು, ಕೊನೆಯ ಜೀರ್ಣಹಂತವನ್ನೇ ಅದು ಕಟ್ಟಿಹಾಕುತ್ತದೆ. ಸೈಕ್ಲೊಫಾಸ್ಫಮೈಡ್ ಜೊತೆ ಇದನ್ನೂ ಕೊಟ್ಟ ಇಲಿಗಳಲ್ಲಿ ರೋಗ ಮರುಕಳಿಸುವುದು ತಡವಾಯಿತು. ಮರುವರ್ಷ ಮೆಂಫಿಸ್‌ನ ಸೇಂಟ್ ಜ್ಯೂಡ್ ಆಸ್ಪತ್ರೆಯ ಸಂಶೋಧಕರು ಒಂದು ಹೆಜ್ಜೆ ಮುಂದೆ ಹೋದರು. ಆರೋಗ್ಯವಾಗಿರುವ, ಆದರೆ ಲಿಂಫೋಮಾ ಬರುವುದು ಖಚಿತವಾಗಿರುವ ಇಲಿಗಳಿಗೆ ಆಗಾಗ ಕ್ಲೋರೋಕ್ವಿನ್ ಕೊಟ್ಟರೆ ರೋಗ ಬರುವುದೇ ಕಡಿಮೆಯಾಯಿತು. ಪಿ-53 ಎಂಬ ಕಾವಲು ಜೀನ್ ಇಲ್ಲದ ಇಲಿಗಳಲ್ಲಿ ಮಾತ್ರ ಇದರ ಆಟ ನಡೆಯಲಿಲ್ಲ.

ಮಿಕ್ ಜೀನಿನ ಆ ಇಲಿಗಳು ಬರ್ಕಿಟ್ ಲಿಂಫೋಮಾದ ಮಾದರಿಗಳು. 1958ರಲ್ಲಿ ಉಗಾಂಡಾದಲ್ಲಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಮಕ್ಕಳ ದವಡೆಯಲ್ಲಿ ಬೆಳೆಯುವ ಈ ಗೆಡ್ಡೆಯನ್ನು ವಿವರಿಸಿದರು. ಮಳೆ ಹೆಚ್ಚು, ಸೆಕೆ ಹೆಚ್ಚು ಇರುವ ತಗ್ಗು ಪ್ರದೇಶಗಳಲ್ಲೇ ಅದು ಕಾಣಿಸುತ್ತಿತ್ತು. ಮಲೇರಿಯಾ ಇರುವ ಕಡೆಯೇ ಈ ರೋಗ ಎಂಬುದು ನಕ್ಷೆ ನೋಡಿದವರಿಗೆ ಅರಿವಾಯಿತು. 1964ರಲ್ಲಿ ಆ ಗೆಡ್ಡೆಯ ಕೋಶಗಳಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಪತ್ತೆಯಾದ ಮೇಲೂ ಮಲೇರಿಯಾದ ಮೇಲಿನ ಶಂಕೆ ಹೋಗಲಿಲ್ಲ. ಪರೀಕ್ಷಿಸಿಯೇ ಬಿಡೋಣವೆಂದು 1977ರಿಂದ 1982ರವರೆಗೆ ಟಾಂಜಾನಿಯಾದ ಉತ್ತರ ಮಾರಾ ಪ್ರದೇಶದಲ್ಲಿ 10 ವರ್ಷದೊಳಗಿನ ಮಕ್ಕಳಿಗೆ ತಪ್ಪದೆ ಕ್ಲೋರೋಕ್ವಿನ್ ಹಂಚಲಾಯಿತು. ಲಿಂಫೋಮಾ ತಡೆಯಲು ಮಲೇರಿಯಾ ಗುಳಿಗೆ! ಗೇಸರ್, ಬ್ರೂಬೇಕರ್ ಮತ್ತು ಡ್ರೇಪರ್ 1989ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ರೋಗ ಆ ಅವಧಿಯಲ್ಲಿ ಬಹಳ ಕೆಳಕ್ಕೆ ಇಳಿದಿತ್ತು, ಹಂಚಿಕೆ ನಿಂತ ಮೇಲೆ ಮತ್ತೆ ಏರಿತ್ತು. ಇಷ್ಟನ್ನೇ ಉದ್ಧರಿಸುವವರು ಬಹಳ ಮಂದಿ. ಇಳಿಕೆ ಗುಳಿಗೆ ಹಂಚುವ ಮೊದಲೇ ಶುರುವಾಗಿತ್ತು ಎಂಬುದೂ ಅದೇ ವರದಿಯಲ್ಲಿದೆ.

ಮಾರಾದ ಮಕ್ಕಳಲ್ಲಿ ಕ್ಲೋರೋಕ್ವಿನ್ ಕೆಲಸ ಮಾಡಿದ್ದೇ ಆದರೆ ಅದು ಮಲೇರಿಯಾ ತಗ್ಗಿಸಿ ಬಿ-ಕೋಶಗಳ ಮೇಲಿನ ಒತ್ತಡ ಇಳಿಸಿದ್ದರಿಂದಲೋ, ಅಥವಾ ಇಲಿಗಳಲ್ಲಿ ಕಂಡಂತೆ ಕೋಶದ ಲೈಸೋಸೋಮನ್ನೇ ಕೆಡಿಸಿದ್ದರಿಂದಲೋ? ಎರಡನೆಯ ವಿವರಣೆ ಆಕರ್ಷಕ. ಆದರೆ ಪ್ರಯೋಗ ಅದಕ್ಕಾಗಿ ಹೂಡಿದ್ದಲ್ಲ, ಮಕ್ಕಳ ರಕ್ತದಲ್ಲಿದ್ದ ಪ್ರಮಾಣವೂ ಅದಕ್ಕೆ ತಕ್ಕುದಾಗಿರಲಿಲ್ಲವೆಂದೇ ನನ್ನ ಎಣಿಕೆ. ಮೊದಲನೆಯದನ್ನೇ ನಾನು ನಂಬುತ್ತೇನೆ. ಹಾಗೆ ನಂಬಿದರೆ ವಿಶ್ವನಾಥನ್ ಅವರ ಡಿಡಿಟಿಗೂ ಮಾರಾದ ಗುಳಿಗೆಗೂ ಲಿಂಫೋಮಾದ ದೃಷ್ಟಿಯಿಂದ ದೊಡ್ಡ ಅಂತರ ಉಳಿಯುವುದಿಲ್ಲ.

ಇನ್ನು ಹುಬ್ಬಳ್ಳಿಯ ವಾರ್ಡಿಗೆ ಬರೋಣ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಶುರುವಾಗಿ ಮುಂದೆ ಕಿಮ್ಸ್ ಆದ ವಿದ್ಯಾನಗರದ ಸಂಸ್ಥೆ, ನವನಗರದ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಇವು ಕ್ಯಾನ್ಸರ್ ಚಿಕಿತ್ಸೆಗೆ ಒದಗದ ಕಾಲದಲ್ಲಿ ಉತ್ತರ ಕರ್ನಾಟಕದ ರೋಗಿ ಮುಂಬಯಿಯ ಟಾಟಾಕ್ಕೋ, 1973ರ ನಂತರ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕಿತ್ತು. ಕುತ್ತಿಗೆಯಲ್ಲೊಂದು ಗಂಟು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ. ಕ್ಷಯ ಹೆಚ್ಚಿರುವ ನಮ್ಮ ನೆಲದಲ್ಲಿ ಇದನ್ನು ಕಂಡ ಕೂಡಲೇ ಟಿಬಿ ಎನ್ನುವುದು ರೂಢಿ. ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗಿಯೂ ಗಂಟು ಕರಗದಿದ್ದಾಗ ಅದನ್ನು ಇಡಿಯಾಗಿ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಲಿಂಫೋಮಾ ಎಂದು ಬಂದರೆ ಅದು ಯಾವ ಬಗೆಯದು ಎಂಬುದರ ಮೇಲೆ ಔಷಧ ನಿಂತಿರುತ್ತದೆ.

ಹೆಚ್ಚಿನವರಿಗೆ ಸಿಗುವುದು 21 ದಿನಕ್ಕೊಂದು ಸೈಕಲ್‌ನಂತೆ ಕೊಡುವ ಸಿ.ಎಚ್.ಒ.ಪಿ: ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ರೆಡ್ನಿಸೊಲೋನ್. ಬಿ-ಕೋಶದ ರೋಗವಾದರೆ ರಿಟುಕ್ಸಿಮ್ಯಾಬ್ ಕೂಡುತ್ತದೆ. ಆ ದುಬಾರಿ ಔಷಧದ ಭಾರತೀಯ ರೂಪವನ್ನು ಡಾ. ರೆಡ್ಡೀಸ್ ಕಂಪನಿ 2007ರಲ್ಲಿ ತಂದ ಮೇಲೆ ಜಿಲ್ಲಾ ಮಟ್ಟದ ರೋಗಿಗೂ ಅದು ಎಟುಕತೊಡಗಿತು. ಹಾಜ್ಕಿನ್ ಬಗೆಯ ರೋಗಕ್ಕೆ ಕೊಡುವ ನಾಲ್ಕು ಔಷಧಗಳಲ್ಲಿ ವಿನ್‌ಬ್ಲಾಸ್ಟಿನ್ ಒಂದು. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎರಡೂ ಮಡಗಾಸ್ಕರ್ ಮೂಲದ, ಈಗ ನಮ್ಮ ಹಿತ್ತಿಲುಗಳಲ್ಲೆಲ್ಲ ಬೆಳೆಯುವ ನಿತ್ಯಪುಷ್ಪದಿಂದ ಬಂದವು. ಇವುಗಳಲ್ಲಿ ಯಾವುದನ್ನೂ ಸ್ವಭಕ್ಷಣೆಯ ಔಷಧ ಎಂದು ಯಾರೂ ಬರೆದುಕೊಡುವುದಿಲ್ಲ. ಆದರೂ ಪ್ರಯೋಗಾಲಯದಲ್ಲಿ ನೋಡಿದರೆ ಇವುಗಳಲ್ಲಿ ಹಲವು ಅದನ್ನು ಮುಟ್ಟುತ್ತವೆ. ವಿನ್‌ಬ್ಲಾಸ್ಟಿನ್ ಕೊಟ್ಟ ಕೋಶದಲ್ಲಿ ಸರಕು ತುಂಬಿದ ಚೀಲಗಳು ಲೈಸೋಸೋಮನ್ನು ತಲುಪಲಾರದೆ ರಾಶಿ ಬೀಳುವುದನ್ನು 1970ರ ದಶಕದಲ್ಲೇ ಕಂಡಿದ್ದರು. ಸ್ಟೀರಾಯ್ಡ್ ಬಿದ್ದ ದುಗ್ಧಕೋಶ ಸಾಯುವ ಮೊದಲು ಸ್ವಭಕ್ಷಣೆಗೆ ಇಳಿಯುತ್ತದೆ. ಅಂದರೆ ಲಿಂಫೋಮಾದ ಔಷಧಗಳಲ್ಲೇ ಒಂದು ಈ ಯಂತ್ರವನ್ನು ಚಾಲೂ ಮಾಡುತ್ತಿದೆ, ಇನ್ನೊಂದು ಅದರ ದಾರಿಗೆ ಅಡ್ಡ ಕಲ್ಲಿಡುತ್ತಿದೆ. ಜ್ಞಾನ ಮೊದಲು, ಔಷಧ ಆಮೇಲೆ ಎಂಬ ಪಠ್ಯಪುಸ್ತಕದ ಕ್ರಮ ಇಲ್ಲಿ ನಡೆದೇ ಇಲ್ಲ.

ಇದೇ ಗೊಂದಲ ಹೊಸ ಔಷಧಗಳಲ್ಲೂ ಇದೆ. ಈಸ್ಟರ್ ದ್ವೀಪದ ಮಣ್ಣಿನಿಂದ ಸುರೇಂದ್ರನಾಥ ಸೆಹಗಲ್ ಅವರ ತಂಡ ಎಪ್ಪತ್ತರ ದಶಕದಲ್ಲಿ ಬೇರ್ಪಡಿಸಿದ ರಾಪಮೈಸಿನ್ ಸ್ವಭಕ್ಷಣೆಯನ್ನು ಹೆಚ್ಚಿಸುತ್ತದೆ. ಅದರ ಬಂಧು ಟೆಮ್ಸಿರೊಲಿಮಸ್‌ಗೆ 2009ರಲ್ಲಿ ಯುರೋಪಿನಲ್ಲಿ ಮ್ಯಾಂಟಲ್ ಕೋಶದ ಲಿಂಫೋಮಾಕ್ಕೆ ಅನುಮತಿ ಸಿಕ್ಕಿತು. ಹೆಚ್ಚಿಸುವ ಔಷಧವೂ ಲಿಂಫೋಮಾಕ್ಕೆ, ತಡೆಯುವ ಔಷಧವೂ ಲಿಂಫೋಮಾಕ್ಕೆ! ರೋಗ ಹುಟ್ಟುವ ಮೊದಲು ಸ್ವಭಕ್ಷಣೆ ಕಾವಲುಗಾರ, ಹುಟ್ಟಿದ ಮೇಲೆ ರೋಗದ ಅನ್ನದಾತ ಎಂಬ ಸಮಾಧಾನ ಈಗ ಪ್ರಚಲಿತ. ಇದರಲ್ಲಿ ಸತ್ಯವಿದೆ, ಆದರೆ ಯಾವ ಫಲಿತಾಂಶ ಬಂದರೂ ಹೊಂದಿಸಿಬಿಡಬಹುದಾದ ಸಿದ್ಧಾಂತದ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಲೇಸು.

2016ರ ನೊಬೆಲ್ ನಂತರ ವಾಟ್ಸ್ಆ್ಯಪಿನಲ್ಲಿ ಹರಿದಾಡಿದ ಸಂದೇಶಗಳಿಗೆ ಈ ಅನುಮಾನವೇನೂ ಇರಲಿಲ್ಲ. ಏಕಾದಶಿಯ ಉಪವಾಸ ಮಾಡಿದರೆ ಕ್ಯಾನ್ಸರ್ ತನ್ನನ್ನೇ ತಾನು ತಿಂದುಕೊಳ್ಳುತ್ತದೆ, ಓಸುಮಿ ಸಾಬೀತು ಮಾಡಿದ್ದಾರೆ ಎಂದು ಅವು ಹೇಳಿದವು. ಓಸುಮಿ ಉಪವಾಸ ಕೆಡವಿದ್ದು ಯೀಸ್ಟನ್ನು. ಅಮರಾವದಿಯವರ ಇಲಿಗಳನ್ನು ನೆನೆದರೆ ಸ್ವಭಕ್ಷಣೆಯಿಂದ ಬದುಕಿದ್ದು ಕ್ಯಾನ್ಸರ್ ಕೋಶ. ಕೀಮೋ ನಡೆಯುತ್ತಿರುವಾಗ ಊಟ ಬಿಟ್ಟರೆ ಕಡಿಮೆಯಾಗುವುದು ರೋಗಿಯ ತೂಕ. ಕ್ಲೋರೋಕ್ವಿನ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆಂದು ತಂದು ನುಂಗುವುದಂತೂ ಇನ್ನೂ ಅಪಾಯ. ಕಣ್ಣಿನ ಪರದೆಗೂ ಹೃದಯದ ಬಡಿತಕ್ಕೂ ಅದು ಕೇಡು ಮಾಡಬಲ್ಲದು.

ಮನುಷ್ಯರಲ್ಲಿ ನಡೆದ ಪರೀಕ್ಷೆಗಳಾದರೂ ಏನು ಹೇಳುತ್ತವೆ? 2014ರಲ್ಲಿ ‘ಆಟೊಫೇಜಿ’ ಪತ್ರಿಕೆ ಕ್ಲೋರೋಕ್ವಿನ್ನಿನ ಬಂಧು ಹೈಡ್ರಾಕ್ಸಿಕ್ಲೋರೋಕ್ವಿನ್ ಬಳಸಿದ ಆರು ಪ್ರಯೋಗಗಳನ್ನು ಒಟ್ಟಿಗೆ ಪ್ರಕಟಿಸಿತು. ಕೆಲವುಗಳಲ್ಲಿ ದಿನಕ್ಕೆ 1200 ಮಿಲಿಗ್ರಾಂವರೆಗೆ ಕೊಟ್ಟಿದ್ದರು, ಸಂಧಿವಾತಕ್ಕೆ ಕೊಡುವ ಪ್ರಮಾಣದ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು. ಹೆಚ್ಚಿನ ರೋಗಿಗಳು ತಾಳಿಕೊಂಡರು. ಗುಣ ಮಾತ್ರ ಅಲ್ಲೊಬ್ಬರಲ್ಲಿ ಇಲ್ಲೊಬ್ಬರಲ್ಲಿ ಕಂಡಿತು. ಆರರಲ್ಲಿ ಲಿಂಫೋಮಾದ ಪ್ರಯೋಗ ಒಂದೇ, ಅದೂ ಮನುಷ್ಯರ ಮೇಲಲ್ಲ. ಲಿಂಫೋಮಾ ತಾನಾಗಿಯೇ ಬಂದಿದ್ದ 30 ಸಾಕುನಾಯಿಗಳಿಗೆ ಡಾಕ್ಸೊರುಬಿಸಿನ್ ಜೊತೆ ಈ ಗುಳಿಗೆ ಕೊಟ್ಟಿದ್ದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ನಾಯಿಗಳಲ್ಲಿ ಗಂಟುಗಳು ಕುಗ್ಗಿದವು. ಆದರೆ ಹೋಲಿಸಲು ಬರೀ ಡಾಕ್ಸೊರುಬಿಸಿನ್ ಪಡೆದ ಗುಂಪು ಆ ಪ್ರಯೋಗದಲ್ಲಿರಲಿಲ್ಲ, ಆ ಔಷಧ ಒಂದೇ ಕೊಟ್ಟರೂ ನಾಯಿಗಳ ಲಿಂಫೋಮಾ ಚೆನ್ನಾಗಿಯೇ ಸ್ಪಂದಿಸುತ್ತದೆ.

ಈಚಿನ ಭರವಸೆ ಬೇರೆ ಕಡೆಯಿಂದ ಬರುತ್ತಿದೆ. ಫಾಲಿಕ್ಯುಲರ್ ಲಿಂಫೋಮಾದ ಕೆಲವು ರೋಗಿಗಳಲ್ಲಿ ಲೈಸೋಸೋಮಿಗೆ ಆಮ್ಲ ತುಂಬುವ ಪಂಪಿನ ಜೀನುಗಳೇ ಬದಲಾಗಿರುತ್ತವೆ. ಅಂಥ ಒಂದು ಬದಲಾವಣೆ ಸ್ವಭಕ್ಷಣೆಯ ವೇಗ ಹೆಚ್ಚಿಸಿ ಕೋಶವನ್ನು ಅದರ ಮೇಲೆ ಅವಲಂಬಿಸುವಂತೆ ಮಾಡುತ್ತದೆ ಎಂದು 2019ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ ತೋರಿಸಿತು, ಅದೂ ಯೀಸ್ಟಿನ ನೆರವಿನಿಂದ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ಪ್ರಯೋಗಾಲಯ ಸ್ವಭಕ್ಷಣೆಯನ್ನು ಏರಿಸುವ, ಇಳಿಸುವ ಸಣ್ಣ ಅಣುಗಳನ್ನು ಹುಡುಕುತ್ತಿರುವುದೂ ಯೀಸ್ಟಿನಲ್ಲೇ. ಅವರ ಗುಂಪಿನ 6-ಬಯೋ ಎಂಬ ಅಣು 2017ರಲ್ಲಿ ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲಿ ಫಲ ಕೊಟ್ಟಿತು. ಲಿಂಫೋಮಾ ಅವರ ಮುಖ್ಯ ಗುರಿಯಲ್ಲ, ಆದರೆ ಉಪಕರಣ ಅದೇ.

ಪಂಪಿನ ಜೀನ್ ಬದಲಾದ ರೋಗಿ ಯಾರು ಎಂದು ತಿಳಿಯಲು ಹುಬ್ಬಳ್ಳಿಯಲ್ಲಿ ತೆಗೆದ ಗಂಟಿನ ತುಂಡೂ ಸಾಕು, ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂಡಿಸಿದ ತುಂಡಿನಿಂದಲೂ ಡಿಎನ್‌ಎ ಓದಬಹುದು. ಸ್ವಭಕ್ಷಣೆ ಎಷ್ಟು ವೇಗದಲ್ಲಿ ನಡೆಯುತ್ತಿದೆ ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ. ಚೀಲಗಳು ರಾಶಿ ಬಿದ್ದಿರುವುದು ಕಂಡರೆ ಹೆಚ್ಚು ಹುಟ್ಟಿವೆ ಎಂದೂ ಹೇಳಬಹುದು, ಕರಗದೆ ಉಳಿದಿವೆ ಎಂದೂ ಹೇಳಬಹುದು. ಅದನ್ನು ಬಿಡಿಸಲು ಜೀವಂತ ಕೋಶ ಬೇಕು, ಚಿಕಿತ್ಸೆಯ ಮೊದಲಿನದೂ ನಂತರದ್ದೂ. ನಾಯಿಗಳ ಪ್ರಯೋಗ ಮುಂದಿನ ಕೆಲಸಕ್ಕೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ: ಚರ್ಮದಡಿಯ ಗಂಟಿನಿಂದ ಎರಡು ಸಲ ತುಂಡು ತೆಗೆಯುವುದು ಸುಲಭವಾಗಿತ್ತು, ಗಂಟಿನೊಳಗಿನ ಔಷಧ ರಕ್ತದಲ್ಲಿರುವುದಕ್ಕಿಂತ ನೂರು ಪಟ್ಟಿನಷ್ಟಿದೆ ಎಂದು ತಿಳಿದದ್ದೂ ಹಾಗೆಯೇ. ಒಮ್ಮೆ ಗಂಟು ತೆಗೆಸಿಕೊಂಡು ಕೀಮೋ ಆರಂಭಿಸಿದ ಮನುಷ್ಯನನ್ನು, ಅವನಿಗೆ ನೇರ ಲಾಭವಿಲ್ಲದ ಎರಡನೇ ತುಂಡಿಗಾಗಿ ಮತ್ತೆ ಮೇಜಿನ ಮೇಲೆ ಮಲಗಿಸಲು ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಬೇಕು, ಅದಕ್ಕೂ ಮೊದಲು ಅವನೂ ಅವನ ಮನೆಯವರೂ ಒಪ್ಪಬೇಕು.